ಮಾರ್ಕೆಟ್ ಬೀಳುತ್ತಾ, ಬೀಳಲ್ವಾ?

ಸಿವಿಲ್ ಬ್ರಾಂಚಿಗೆ ಸೇರಿದ ಮೇಲೆ ನೆಂಟರಿಷ್ಟರು ಕೇಳುವ ಪ್ರಶ್ನೆಗಳೇ ಬದಲಾಗಿಬಿಡುತ್ತವೆ. ಕಂಪ್ಯೂಟರ್ ಸೈನ್ಸಿನವರಿಗೆ "ನಮ್ಮನೆ ಪ್ರಿಂಟರ್ ಯಾಕೋ ಓಡ್ತಿಲ್ಲ, ಸ್ವಲ್ಪ ನೋಡ್ತೀಯಾ" ಅನ್ನೋ ಹಾಗೆ ನಮಗೆ ಗೋಡೆಯ ಬಿರುಕು ತೋರಿಸುತ್ತಾರೆ. ನಾನು ಮೈಸೂರಿನವನಾದ್ದರಿಂದ ನನಗೆ ಇನ್ನೊಂದು ಪ್ರಶ್ನೆ ಖಾಯಂ: "ದೇವರಾಜ ಮಾರ್ಕೆಟ್ ನಿಜವಾಗ್ಲೂ ಬೀಳುತ್ತಾ? ಇಲ್ಲ ಬೀಳಿಸ್ತಾರಾ?" ಮದುವೆ ಮನೆಯಲ್ಲಿ ಕೇಳಿದ್ದಾರೆ, ನಾಮಕರಣದಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳಿದ್ದಾರೆ. ಕೇಳಿದವರಿಗೆ ಉತ್ತರ ಬೇಕಿರುವುದಿಲ್ಲ ಅನ್ನೋದು ಬೇರೆ ಮಾತು. ಉತ್ತರ ಅವರ ಹತ್ತಿರ ಆಗಲೇ ಇರುತ್ತೆ. ಅದಕ್ಕೊಂದು ಇಂಜಿನಿಯರಿಂಗ್ ಮೊಹರು ಬೇಕಿರುತ್ತೆ, ಅಷ್ಟೆ.

ಮೈಸೂರು ಗೊತ್ತಿಲ್ಲದ ಹಾಸ್ಟೆಲ್ ಗೆಳೆಯರಿಗೋಸ್ಕರ ಸ್ವಲ್ಪ ಭೂಗೋಳ ಹೇಳಿಬಿಡ್ತೀನಿ. ಅರಮನೆಯಿಂದ ಕೆ.ಆರ್. ಸರ್ಕಲ್ಲಿಗೆ ಬಂದು ಸಯ್ಯಾಜಿರಾವ್ ರಸ್ತೆ ಹಿಡಿದರೆ ಎಡಗಡೆ ಉದ್ದಕ್ಕೂ ಹಬ್ಬಿಕೊಂಡಿರೋದೇ ದೇವರಾಜ ಮಾರ್ಕೆಟ್. ಒಂದು ತುದಿಯಲ್ಲಿ ಚಿಕ್ಕ ಗಡಿಯಾರ, ಇನ್ನೊಂದು ತುದಿಯಲ್ಲಿ ಧನ್ವಂತರಿ ರಸ್ತೆ. ದಸರಾ ದಿನ ಜಂಬೂ ಸವಾರಿ ಹೋಗೋದು ಇದರ ಮುಂದೇನೇ. ಸುಮಾರು ಎಂಟುನೂರು ಮಳಿಗೆಗಳು. ಮೈಸೂರು ಮಲ್ಲಿಗೆ, ಚಿಗುರೆಲೆ, ರಸಬಾಳೆ, ಗೋಪುರದ ಹಾಗೆ ಪೇರಿಸಿಟ್ಟ ಕುಂಕುಮ, ಅತ್ತರಿನ ಶೀಶೆಗಳು. ಮೂಲೆಯಲ್ಲಿ ಗುರು ಸ್ವೀಟ್ಸ್‌ನ ಮೈಸೂರು ಪಾಕ್. ವಿದೇಶಿಯರು ಫೋಟೋ ತೆಗೆಯೋದು ಕುಂಕುಮದ್ದು, ನಾವು ಹೋಗೋದು ಈರುಳ್ಳಿಗೆ.

ಚಿಕ್ಕ ಗಡಿಯಾರದ ಹತ್ತಿರವೇ ಇನ್ನೊಂದು ಕಟ್ಟಡ ಇದೆ, ಲ್ಯಾನ್ಸ್‌ಡೌನ್ ಬಿಲ್ಡಿಂಗ್. ವೈಸ್‌ರಾಯ್ ಲ್ಯಾನ್ಸ್‌ಡೌನ್ ಬಂದುಹೋದ ನೆನಪಿಗೆ 1892ರಲ್ಲಿ ಕಟ್ಟಿಸಿದ್ದು. (ಚಿಕ್ಕ ಗಡಿಯಾರವೂ ಹಾಗೇ, ಡಫರಿನ್ ಬಂದಿದ್ದಕ್ಕೆ, 1886ರಲ್ಲಿ. ಆಗಿನ ಕಾಲದಲ್ಲಿ ವೈಸ್‌ರಾಯ್ ಬಂದರೆ ಊರಿಗೊಂದು ಕಟ್ಟಡ ಸಿಗ್ತಿತ್ತು, ಈಗ ವಿಐಪಿ ಬಂದರೆ ಒಂದು ರಸ್ತೆಗೆ ಟಾರು ಸಿಗುತ್ತೆ.) ಅದರ ಕೆಳಗೆ ಹಳೇ ಪುಸ್ತಕದಂಗಡಿಗಳಿದ್ದವು. ಅಪ್ಪ ತನ್ನ ಡಿಪ್ಲೊಮಾ ಪುಸ್ತಕಗಳನ್ನೆಲ್ಲ ಕೊಂಡಿದ್ದು ಅಲ್ಲೇ, ಅರ್ಧ ಬೆಲೆಗೆ, ಹಿಂದಿನ ಓನರ್ ಮಾರ್ಜಿನ್ನಿನಲ್ಲಿ ಬರೆದ ನೋಟ್ಸ್ ಸಮೇತ.

2012ರ ಆಗಸ್ಟ್ 25ರಂದು ಆ ಲ್ಯಾನ್ಸ್‌ಡೌನ್ ಬಿಲ್ಡಿಂಗಿನ ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು. ನಾಲ್ಕು ವರ್ಷದ ನಂತರ, 2016ರ ಆಗಸ್ಟ್ 28ರಂದು ದೇವರಾಜ ಮಾರ್ಕೆಟ್ಟಿನ ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲ ಭಾಗ ಬಿತ್ತು, ಅದೂ ದುರಸ್ತಿ ಕೆಲಸ ನಡೀತಿದ್ದಾಗಲೇ. ಪುಣ್ಯಕ್ಕೆ ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ. ಅಲ್ಲಿಂದ ಶುರುವಾದ ಜಗಳ ಇದು. ಎರಡೂ ಕಟ್ಟಡಗಳ ಒಡೆತನ ಮಹಾನಗರ ಪಾಲಿಕೆಯದು. ಕೆಡವಿ ಅದೇ ರೂಪದಲ್ಲಿ ಮತ್ತೆ ಕಟ್ಟಬೇಕು ಅಂತ ಒಂದು ಕಡೆ, ದುರಸ್ತಿ ಮಾಡಿ ಉಳಿಸಿಕೊಳ್ಳಬಹುದು ಅಂತ ಇನ್ನೊಂದು ಕಡೆ. ತಜ್ಞರ ಸಮಿತಿಗಳು ಬಂದವು, ಇಂಟ್ಯಾಕ್ ಮತ್ತು ಪಾರಂಪರಿಕ ತಜ್ಞರು ಬೇಡ ಅಂದರು, ಪ್ರಮೋದಾದೇವಿ ಒಡೆಯರ್ ಕೂಡ ಕೆಡವಬೇಡಿ ಅಂದರು, ಬಾಡಿಗೆದಾರರು ಕೋರ್ಟಿಗೆ ಹೋದರು. 2023ರಲ್ಲಿ ಹೈಕೋರ್ಟ್ ಕೆಡವಿ ಕಟ್ಟುವ ತೀರ್ಮಾನವನ್ನು ಎತ್ತಿಹಿಡಿಯಿತು. ಆದರೆ ಊರಿನೊಳಗಿನ ಜಗಳಕ್ಕೆ ಕೋರ್ಟಿನ ತೀರ್ಪು ತಾಗೋದೇ ಇಲ್ಲ.

ಊರಿನ ಮಾತು ಬಿಡಿ, ನಮ್ಮ ಮನೆಯ ಊಟದ ಟೇಬಲ್ಲಿನ ಜಗಳವೇ ಮುಗಿದಿಲ್ಲ. ಅಪ್ಪ ಉಳಿಸೋ ಪಾರ್ಟಿ. "ಮಾರ್ಕೆಟ್ ಹೋದರೆ ಮೈಸೂರಲ್ಲಿ ಇನ್ನೇನಿರುತ್ತೆ, ಮಾಲ್ ನೋಡೋಕೆ ಬೆಂಗಳೂರಿಗೆ ಹೋಗ್ತೀವಲ್ಲ" ಅನ್ನೋದು ಅವರ ವಾದ. ಅಮ್ಮ ಕೆಡವೋ ಪಾರ್ಟಿ. ವಾರಕ್ಕೆರಡು ಸಲ ಆ ಸೂರಿನ ಕೆಳಗೆ ತರಕಾರಿ ತರೋದು ಅವಳು. ಮಳೆಗಾಲದಲ್ಲಿ ಸೀರೆ ಎತ್ತಿ ಹಿಡಕೊಂಡು ಕೆಸರು ದಾಟೋದೂ ಅವಳೇ. "ನಿಮಗೆ ಪರಂಪರೆ, ನನಗೆ ತಲೆ ಮೇಲೆ ಗಾರೆ ಉದುರೋದು" ಅಂತ ಒಂದು ಸಲ ಅಂದಳು. ಅಪ್ಪನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ, ಸಾರು ಇನ್ನೊಂದು ಸೌಟು ಹಾಕಿಸಿಕೊಂಡರು.

ಮೂರನೆಯವರು ಮಾವ, ಅಮ್ಮನ ಅಣ್ಣ. ಅವರು ಮಾರ್ಕೆಟ್ಟಿನಲ್ಲಿ ಎಲೆ ಅಡಿಕೆ ಅಂಗಡಿ ಇಟ್ಟಿದ್ದಾರೆ. ಅಂಗಡಿ ಅಂದರೆ ದೊಡ್ಡದೇನಲ್ಲ, ನಮ್ಮ ಹಾಸ್ಟೆಲ್ ರೂಮಿನ ಎರಡು ಮಂಚ ಜೋಡಿಸಿದಷ್ಟು ಜಾಗ. ತಾತನ ಕಾಲದಿಂದ ಬಂದಿದ್ದು. ಮಾವ ಯಾವ ಪಾರ್ಟಿ ಅಂತ ನನಗೆ ತುಂಬಾ ದಿನ ಗೊತ್ತಾಗಿರಲಿಲ್ಲ. ಪೇಪರಿನಲ್ಲಿ ಬಾಡಿಗೆದಾರರು ವಿರೋಧ ಅಂತ ಬರುತ್ತಲ್ಲ, ಹಾಗಾಗಿ ಉಳಿಸೋ ಪಾರ್ಟಿನೇ ಇರಬೇಕು ಅನ್ನಿಸುತ್ತೆ. ಆದರೆ ಅವರ ಮಾತು ಕೂತು ಕೇಳಿದರೆ ಬೇರೆಯೇ ಇದೆ. ಹೊಸ ಕಟ್ಟಡ ಬಂದರೆ ಅವರಿಗೇನೂ ಬೇಜಾರಿಲ್ಲ. ಸೋರದ ಸೂರು, ಒಂದು ನೆಟ್ಟಗಿನ ಟಾಯ್ಲೆಟ್ಟು ಯಾರಿಗೆ ಬೇಡ? ಅವರ ಭಯ ಕೆಡವಿದ ದಿನಕ್ಕೂ ಕಟ್ಟಿ ಮುಗಿಸಿದ ದಿನಕ್ಕೂ ನಡುವೆ ಇರೋದರ ಬಗ್ಗೆ.

ಅದನ್ನ ಅವರು ಬಹಳ ಲೆಕ್ಕವಾಗಿ ಹೇಳಿದರು. ಚಿಗುರೆಲೆ ಎರಡು ಮೂರು ದಿನಕ್ಕಿಂತ ಹೆಚ್ಚು ತಡೆಯೋದಿಲ್ಲ. ಅವತ್ತಿನದು ಅವತ್ತೇ ಹೋಗಬೇಕು. ಹೋಗೋದು ಯಾಕೆ? ಹೂವಿಗೆ ಬಂದವರು ಎಲೆ ತಗೋತಾರೆ, ಎಲೆಗೆ ಬಂದವರು ಪಕ್ಕದಲ್ಲಿ ಬಾಳೆಹಣ್ಣು ತಗೋತಾರೆ, ಮದುವೆ ಲಿಸ್ಟ್ ಹಿಡಕೊಂಡು ಬಂದವರು ಒಂದೇ ಸುತ್ತಿನಲ್ಲಿ ಅರಿಸಿನದಿಂದ ಕರ್ಪೂರದ ತನಕ ಮುಗಿಸಿಕೊಂಡು ಹೋಗ್ತಾರೆ. ಎಂಟುನೂರು ಅಂಗಡಿ ಒಟ್ಟಿಗೆ ಇದ್ದಾಗ ಮಾತ್ರ ಒಂದು ಅಂಗಡಿಗೆ ವ್ಯಾಪಾರ. ತಾತ್ಕಾಲಿಕ ಅಂತ ಎಲ್ಲೋ ಮೈದಾನದಲ್ಲಿ ಶೆಡ್ ಹಾಕಿ ಹೂವಿನವರನ್ನ ಒಂದು ಕಡೆ, ಹಣ್ಣಿನವರನ್ನ ಒಂದು ಕಡೆ ಕಳಿಸಿದರೆ ಆ ಸುತ್ತು ಒಡೆದುಹೋಗುತ್ತೆ. ಎರಡು ವರ್ಷ ಅಂತ ಹೇಳಿದ್ದು ಎಂಟು ವರ್ಷ ಆದರೆ? ಆಮೇಲೆ ಹೊಸ ಕಟ್ಟಡದಲ್ಲಿ ಯಾರಿಗೆ ಯಾವ ಮಳಿಗೆ? ಹಳೆಯ ಬಾಡಿಗೆದಾರನಿಗೇ ಕೊಡ್ತಾರಾ, ಹರಾಜು ಹಾಕ್ತಾರಾ? "ಬಾಯಲ್ಲಿ ಎಲ್ಲರೂ ಹೇಳ್ತಾರೆ ಕಣೋ, ಕಾಗದದಲ್ಲಿ ಕೊಡಲಿ" ಅಂದರು ಮಾವ.

ಎಂಟು ವರ್ಷ ಅನ್ನೋದು ಉತ್ಪ್ರೇಕ್ಷೆ ಅಂತ ನಿಮಗೆ ಅನ್ನಿಸಿದರೆ, ಟೌನ್‌ಹಾಲ್ ಪಕ್ಕದ ನೆಲದಡಿ ಪಾರ್ಕಿಂಗ್ ಯಾವಾಗ ಶುರುವಾಯ್ತು ಅಂತ ಯಾವುದಾದರೂ ಮೈಸೂರಿನವರನ್ನ ಕೇಳಿ. ಹತ್ತು ವರ್ಷ ಮೀರಿ ಎಳೆದಾಡಿದ ಕೆಲಸ ಅದು. ಮಾರ್ಕೆಟ್ಟಿನಿಂದ ನಡೆದುಕೊಂಡು ಹೋಗುವಷ್ಟು ದೂರದಲ್ಲಿದೆ. ಮಾವ ದಿನಾ ಅದನ್ನ ನೋಡಿಕೊಂಡೇ ಅಂಗಡಿಗೆ ಹೋಗಿದ್ದು.

ಬಾಡಿಗೆದಾರರೆಲ್ಲ ಪಾಪದವರು ಅಂತ ನಾನು ಹೇಳ್ತಿಲ್ಲ. ಕಡಿಮೆ ಬಾಡಿಗೆ ಕಟ್ಟಿಕೊಂಡು ಜಾಸ್ತಿಗೆ ಒಳಬಾಡಿಗೆ ಕೊಟ್ಟವರಿದ್ದಾರೆ ಅಂತ ಮಾರ್ಕೆಟ್ಟಿನೊಳಗಿನವರೇ ಆಡಿಕೊಳ್ತಾರೆ. ಅಮ್ಮ ಕೂಡ ಅಣ್ಣನ ಮುಖಕ್ಕೇ ಹೇಳಿದಳು, "ನೀವೆಲ್ಲ ಅಷ್ಟು ಕಡಿಮೆ ಬಾಡಿಗೆ ಕೊಟ್ಟರೆ ರಿಪೇರಿಗೆ ದುಡ್ಡು ಎಲ್ಲಿಂದ ಬರಬೇಕು?" ಮಾವ ತಿರುಗಿಸಿ ಕೇಳಿದರು, "ಜಾಸ್ತಿ ಕೊಡ್ತೀವಿ, ಆ ದುಡ್ಡು ಇದೇ ಸೂರಿಗೆ ಹಾಕ್ತಾರೆ ಅಂತ ಯಾರಾದರೂ ಬರೆದುಕೊಡ್ತಾರಾ?" ಇಬ್ಬರದ್ದೂ ಸರಿ. ಇಂಥ ಕಡೆ ನಮ್ಮ ಮನೆಯಲ್ಲಿ ಯಾರಾದರೂ ಟಿವಿ ಹಾಕಿಬಿಡ್ತಾರೆ.

ಈಗ ಇಂಜಿನಿಯರಿಂಗ್ ಮೊಹರಿನ ವಿಷಯಕ್ಕೆ ಬರ್ತೀನಿ. ಒಂದೇ ಕಟ್ಟಡ ನೋಡಿ ಒಬ್ಬ ತಜ್ಞರು ಕೆಡವಿ ಅಂತಾರೆ, ಇನ್ನೊಬ್ಬರು ಇನ್ನೂ ನೂರು ವರ್ಷ ನಿಲ್ಲುತ್ತೆ ಅಂತಾರೆ. ಹೊರಗಿನವರಿಗೆ ಇದರಲ್ಲಿ ಒಬ್ಬರು ದುಡ್ಡು ತಿಂದಿದ್ದಾರೆ ಅನ್ನಿಸುತ್ತೆ. ನಮ್ಮ ಕ್ಲಾಸಿನಲ್ಲೂ ಹಾಗಂದವರಿದ್ದಾರೆ. ಆದರೆ ಇಬ್ಬರೂ ಪ್ರಾಮಾಣಿಕರಾಗಿದ್ದೇ ಹೀಗೆ ಹೇಳಬಹುದು.

ಯಾಕೆ ಅಂದರೆ ನಾವು ನಾಲ್ಕು ವರ್ಷ ಓದೋದು ಮುಖ್ಯವಾಗಿ ಕಾಂಕ್ರೀಟ್ ಮತ್ತು ಸ್ಟೀಲ್. ಈ ಕಟ್ಟಡಗಳಲ್ಲಿರೋದು ಇಟ್ಟಿಗೆ, ಸುಣ್ಣದ ಗಾರೆ, ಸುರ್ಕಿ. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಸುಣ್ಣದ ಜತೆ ಸೇರಿಸಿದರೆ ಗಾರೆಗೆ ನೀರಿನಲ್ಲೂ ಗಟ್ಟಿಯಾಗೋ ಗುಣ ಬರುತ್ತೆ. ಆ ಕಾಲದ ಚಾವಣಿ ಮದ್ರಾಸ್ ಟೆರೇಸ್: ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನ ಮಗ್ಗುಲಾಗಿ ನಿಲ್ಲಿಸಿ, ಮೇಲೆ ಸುಣ್ಣದ ಕಾಂಕ್ರೀಟು. ಲ್ಯಾಬಿನಲ್ಲಿ ನಾವು ಟಕ್ ಟಕ್ ಅಂತ ಕುಟ್ಟೋ ರೀಬೌಂಡ್ ಹ್ಯಾಮರ್ ಕಾಂಕ್ರೀಟಿಗೆ ಅಂತ ಮಾಡಿದ್ದು. ಅದನ್ನ ಸುಣ್ಣದ ಗಾರೆಯ ಗೋಡೆಗೆ ಒತ್ತಿ ಬಂದ ನಂಬರನ್ನ ಕಾಂಕ್ರೀಟಿನ ಪಟ್ಟಿಯಲ್ಲಿ ಹುಡುಕಿದರೆ ಆ ಗೋಡೆ ಮೊದಲ ದಿನದಿಂದಲೇ ಫೇಲ್. ಸುಣ್ಣದ ಗೋಡೆ ಬಲವಾಗಿ ನಿಂತಿರೋದಲ್ಲ, ದಪ್ಪವಾಗಿ ನಿಂತಿರೋದು. ಸ್ವಲ್ಪ ಜರುಗಿದರೆ ಅದು ಹೊಂದಿಕೊಳ್ಳುತ್ತೆ, ಒದ್ದೆಯಾದರೆ ಉಸಿರಾಡಿ ಒಣಗುತ್ತೆ. ಮೇಲೆ ಯಾರೋ ಸಿಮೆಂಟ್ ಪ್ಲಾಸ್ಟರ್ ಬಳಿದರೆ ಆ ಉಸಿರು ಕಟ್ಟಿ, ಒಳಗಿನ ನೀರು ಒಳಗೇ ಉಳಿದು ಗಾರೆ ಹಿಟ್ಟಾಗುತ್ತೆ. ಹೊರಗೆ ನೋಡೋಕೆ ಮಾತ್ರ ರಿಪೇರಿ ಆದ ಹಾಗಿರುತ್ತೆ.

ಇಷ್ಟೆಲ್ಲ ಹೇಳಿ ನಾನು ಉಳಿಸೋ ಪಾರ್ಟಿಗೆ ಸೇರಿಬಿಟ್ಟೆ ಅಂದುಕೊಳ್ಳಬೇಡಿ. ಅಶ್ವತ್ಥದ ಬೇರು ಗೋಡೆಯೊಳಗೆ ಎಷ್ಟು ದೂರ ಹೋಗಿದೆ, ತೊಲೆಯ ಗೋಡೆಯೊಳಗಿನ ತುದಿ ಎಷ್ಟು ಕೊಳೆತಿದೆ ಅನ್ನೋದು ಬಿಚ್ಚಿ ನೋಡದೆ ಗೊತ್ತಾಗಲ್ಲ. ಜನ ಕೂತಿರೋ ಅಂಗಡಿಯ ತಲೆ ಮೇಲೆ ಬಿಚ್ಚೋದು ಹೇಗೆ? "ಸುರಕ್ಷಿತ" ಅಂತ ಸಹಿ ಹಾಕಿದವನ ಹೆಸರು ಫೈಲಿನಲ್ಲಿ ಶಾಶ್ವತವಾಗಿರುತ್ತೆ. "ಕೆಡವಿ" ಅಂತ ಸಹಿ ಹಾಕಿದವನನ್ನ ಮುಂದೆ ಯಾರೂ ಪ್ರಶ್ನೆ ಮಾಡಲ್ಲ, ಯಾಕಂದರೆ ಕೆಡವಿದ ಕಟ್ಟಡ ಬೀಳೋದಿಲ್ಲ. ನಾಲ್ಕು ಸಾವು ಆಗಿರೋ ಊರಿನಲ್ಲಿ ಯಾವ ಇಂಜಿನಿಯರಿನ ಪೆನ್ನು ಯಾವ ಕಡೆ ವಾಲುತ್ತೆ ಅಂತ ನೀವೇ ಯೋಚನೆ ಮಾಡಿ. ನಾನು ಆ ಕುರ್ಚಿಯಲ್ಲಿದ್ದರೂ ನನ್ನ ಕೈ ನಡುಗುತ್ತೆ. ಪರಂಪರೆಯ ಬಗ್ಗೆ ಭಾಷಣ ಮಾಡುವವರಲ್ಲಿ ಹೆಚ್ಚಿನವರು ಆ ಸೂರಿನ ಕೆಳಗೆ ದಿನಕ್ಕೆ ಹನ್ನೆರಡು ಗಂಟೆ ಕೂರೋದಿಲ್ಲ ಅನ್ನೋದೂ ನಿಜ. ಅಮ್ಮನ ಮಾತು ನನ್ನ ತಲೆಯಿಂದ ಹೋಗದೇ ಇರೋದು ಅದಕ್ಕೇ.

ಕೆಡವೋ ಪಾರ್ಟಿಯ ಹತ್ತಿರ ಒಂದು ಒಳ್ಳೆಯ ವಾದ ಇದೆ, ಅದನ್ನ ನನ್ನ ಕಸಿನ್ ಒಬ್ಬ ಹೇಳಿದ. ನಾವೆಲ್ಲ ಪರಂಪರೆ ಅಂತ ಕೊಂಡಾಡೋ ಅರಮನೆಯೇ ಮರುನಿರ್ಮಾಣ! ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯ್ತು. ಹೆನ್ರಿ ಇರ್ವಿನ್ ಅನ್ನೋ ವಾಸ್ತುಶಿಲ್ಪಿ ಹೊಸದನ್ನ ವಿನ್ಯಾಸ ಮಾಡಿದ, 1912ಕ್ಕೆ ಮುಗಿಯಿತು. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಬಂದಿದ್ದು ಗ್ಲಾಸ್ಗೋದಿಂದ. ಹಳೆಯದರ ನಕಲು ಕೂಡ ಅಲ್ಲ ಅದು. ಅರಮನೆ ಸುತ್ತ ಈಗ ಇರೋ ಬಯಲು ಇದೆಯಲ್ಲ, ಆ ಕೋಟೆಯೊಳಗೆ ಒಂದು ಕಾಲಕ್ಕೆ ಮನೆಗಳು ಕಿಕ್ಕಿರಿದಿದ್ದವು, ಅವನ್ನೆಲ್ಲ ತೆಗೆದು ಜನರನ್ನ ಹೊಸ ಬಡಾವಣೆಗಳಿಗೆ ಕಳಿಸಿದರು. 1903ರಲ್ಲೇ ನಗರ ಸುಧಾರಣೆಗೆ ಅಂತ ಒಂದು ಟ್ರಸ್ಟ್ ಬೋರ್ಡ್ ಮಾಡಿದ ಊರು ನಮ್ಮದು. ಅಂದರೆ ಕೆಡವಿ ಕಟ್ಟೋದು ಮೈಸೂರಿನ ಪರಂಪರೆಯಲ್ಲೇ ಇದೆ ಅಂತ ಅವನ ವಾದ. ಅಪ್ಪ ಇದಕ್ಕೆ ಸಿಟ್ಟಾದರು. ನನಗೆ ಸಿಟ್ಟು ಬರಲಿಲ್ಲ. ಆದರೆ ಅವತ್ತು ಕೋಟೆಯೊಳಗಿಂದ ಎದ್ದು ಹೋದವರು ಏನಂದುಕೊಂಡರು ಅಂತ ತಿಳಿಯೋ ಆಸೆಯಾಯ್ತು. ಅವರ ಊಟದ ಮನೆಯಲ್ಲೂ ಜಗಳ ಆಗಿರಬೇಕಲ್ಲ.

ಇದೆಲ್ಲದರ ಹಿಂದೆ ಇರೋ ಇನ್ನೊಂದು ವಿಷಯ ಜೋನಿಂಗ್. ಕೇಳೋಕೆ ಬೋರು, ಆದರೆ ನಿಜವಾದ ಆಟ ಅಲ್ಲೇ ನಡೆಯೋದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಊರಿಗೊಂದು ಮಾಸ್ಟರ್ ಪ್ಲಾನ್ ಇರಬೇಕು. ಮ್ಯಾಪಿನಲ್ಲಿ ವಾಸದ ಜಾಗಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ. ಯಾವ ಬಣ್ಣದಲ್ಲಿ ಏನು ಕಟ್ಟಬಹುದು, ಎಷ್ಟು ಎತ್ತರ, ರಸ್ತೆಯಿಂದ ಎಷ್ಟು ಜಾಗ ಬಿಡಬೇಕು, ಎಷ್ಟು ಪಾರ್ಕಿಂಗ್ ಎಲ್ಲ ಜೋನಲ್ ನಿಯಮಗಳಲ್ಲಿರುತ್ತೆ. ಬೇರೆ ಬ್ರಾಂಚಿನವರಿಗೆ ಒಂದೇ ಪದ ಹೇಳಿಕೊಡ್ತೀನಿ, ಎಫ್‌ಎಆರ್. ಎಲ್ಲ ಅಂತಸ್ತುಗಳ ವಿಸ್ತೀರ್ಣ ಕೂಡಿಸಿ ಸೈಟಿನ ವಿಸ್ತೀರ್ಣದಿಂದ ಭಾಗಿಸಿದರೆ ಬರೋ ಸಂಖ್ಯೆ. ದೇವರಾಜ ಮಾರ್ಕೆಟ್ ಹೆಚ್ಚುಕಡಿಮೆ ಒಂದೇ ಅಂತಸ್ತು, ಓಡಾಡೋ ಓಣಿಗಳು ಬೇರೆ. ಹಾಗಾಗಿ ಅದರ ಎಫ್‌ಎಆರ್ ಒಂದಕ್ಕಿಂತ ಕಡಿಮೆ ಇರಲೇಬೇಕು. ಊರಿನ ನಟ್ಟನಡುವೆ, ಅತ್ಯಂತ ದುಬಾರಿ ನೆಲದ ಮೇಲೆ, ತಲೆ ಮೇಲೆ ಅಷ್ಟೊಂದು ಖಾಲಿ ಗಾಳಿ. ಆ ಗಾಳಿಗೆ ಬೆಲೆ ಇದೆ. ಗೋಡೆ ಗಟ್ಟಿ ಇದ್ದಿದ್ದರೂ ಆ ಬೆಲೆ ಇರುತ್ತಿತ್ತು.

ಇನ್ನೊಂದು ತಮಾಷೆ. "ಈಗಿರೋ ಹಾಗೇ ಮತ್ತೆ ಕಟ್ಟಿಕೊಡ್ತೀವಿ" ಅನ್ನೋ ಮಾತನ್ನ ಇವತ್ತಿನ ನಿಯಮಗಳ ಜತೆ ಇಟ್ಟು ನೋಡಿ. ಹಳೆಯ ಮಾರ್ಕೆಟ್ಟಿನ ಗೋಡೆ ಫುಟ್‌ಪಾತಿಗೆ ಅಂಟಿಕೊಂಡಿದೆ, ಅಂಗಡಿಯವನು ಕೈ ಚಾಚಿದರೆ ಗಿರಾಕಿ ಸಿಗ್ತಾನೆ. ಇವತ್ತು ಹೊಸ ವಾಣಿಜ್ಯ ಕಟ್ಟಡ ಅಂತ ಪ್ಲಾನ್ ಹಿಡಕೊಂಡು ಹೋದರೆ ಸೆಟ್‌ಬ್ಯಾಕ್ ಬಿಡಿ, ಪಾರ್ಕಿಂಗ್ ತೋರಿಸಿ, ಫೈರ್ ಇಂಜಿನ್ ತಿರುಗೋಕೆ ಜಾಗ ಕೊಡಿ ಅಂತಾರೆ. ಎಲ್ಲವೂ ನ್ಯಾಯವಾದ ಬೇಡಿಕೆಗಳೇ, ಅದರಲ್ಲೂ ಬೆಂಕಿಯದು. 2012ರಲ್ಲಿ ಬೆಂಗಳೂರಿನ ರಸೆಲ್ ಮಾರ್ಕೆಟ್ಟಿನಲ್ಲಿ ಬೆಂಕಿ ಬಿದ್ದು ಎಷ್ಟೋ ಅಂಗಡಿ ಸುಟ್ಟುಹೋಗಿದ್ದು ನೆನಪಿರಬಹುದು. ಆದರೆ ಅವನ್ನೆಲ್ಲ ಪಾಲಿಸಿದ ಮೇಲೆ ಬರೋದು "ಹಾಗೇ" ಇರೋ ಕಟ್ಟಡ ಅಲ್ಲ, ಅದೇ ಮುಖವಾಡ ಹಾಕಿದ ಬೇರೆ ಕಟ್ಟಡ. ವಿಶೇಷ ವಿನಾಯಿತಿ ಕೊಡಬಹುದು. ಕೊಡೋದಾದರೆ ಕೆಡವೋಕೆ ಮುಂಚೆ ನಕ್ಷೆ ತೋರಿಸಿ ಕೊಡಲಿ, ಆಮೇಲಲ್ಲ. ಒಂದು ಸಲ ಸೈಟು ಸಪಾಟಾದ ಮೇಲೆ, "ಹೇಗೂ ಕಟ್ತಾ ಇದೀವಿ, ಕೆಳಗೆ ಒಂದು ಬೇಸ್‌ಮೆಂಟು, ಮೇಲೆ ಇನ್ನೊಂದು ಫ್ಲೋರು" ಅನ್ನೋಕೆ ಯಾರಿಗೂ ತಡ ಆಗಲ್ಲ.

ನನ್ನನ್ನ ಕೇಳಿದರೆ, ಮೊದಲನೆಯದಾಗಿ ಈ ಎರಡು ಕಟ್ಟಡಗಳನ್ನ ಒಂದೇ ಫೈಲಿನಲ್ಲಿ ಕಟ್ಟಿದ್ದೇ ಸರಿಯಲ್ಲ. ಲ್ಯಾನ್ಸ್‌ಡೌನ್ ಮಹಡಿ ಇರೋ ಕಟ್ಟಡ, ಜೀವ ತೆಗೆದಿದೆ, ಖಾಲಿ ಮಾಡಿಸಿ ವರ್ಷಗಳಾಗಿವೆ. ಮಾರ್ಕೆಟ್ ತಗ್ಗಿನ ಕಟ್ಟಡ, ಸಾಲು ಸಾಲಾಗಿ ಬಿಡಿಬಿಡಿಯಾಗಿದೆ, ಒಳಗೆ ಜನ ಬದುಕ್ತಿದ್ದಾರೆ. ಇದನ್ನ ಒಂದೊಂದು ಸಾಲಾಗಿ ಕೈಗೆತ್ತಿಕೊಳ್ಳಬಹುದು. ಐವತ್ತು ಅಂಗಡಿಯವರಿಗೆ ಅದೇ ಆವರಣದಲ್ಲಿ ಜಾಗ ಮಾಡಿಕೊಟ್ಟು, ಆ ಸಾಲಿನ ಸೂರು ಬಿಚ್ಚಿ, ಉಳಿಯೋ ಗೋಡೆ ಉಳಿಸಿ, ಉಳಿಯದೇ ಇರೋದನ್ನ ಕೆಡವಿ ಕಟ್ಟಿ, ಅವರನ್ನ ವಾಪಸ್ ಕೂರಿಸಿ ಮುಂದಿನ ಸಾಲಿಗೆ ಹೋಗೋದು. ನಿಧಾನ ಆಗುತ್ತೆ, ದುಬಾರಿಯೂ ಆಗಬಹುದು. ಆದರೆ ಮೊದಲ ಐವತ್ತು ಜನ ವಾಪಸ್ ಬಂದು ಕೂತಿದ್ದನ್ನ ನೋಡಿದ ಮೇಲೆ ಉಳಿದವರು ಶಟರ್ ಎಳೆಯೋಕೆ ಒಪ್ಪಿಕೊಳ್ತಾರೆ. ಟೆಂಡರ್ ಕರೆಯೋರಿಗೆ ಇದು ಇಷ್ಟ ಆಗಲ್ಲ ಅಂತ ಗೊತ್ತು. ಒಂದೇ ದೊಡ್ಡ ಕಾಂಟ್ರಾಕ್ಟಿನ ಸುಖ ಇದರಲ್ಲಿಲ್ಲ.

ಎರಡನೆಯದು, ಚರಂಡಿ. ನಗಬೇಡಿ. ಹಳೇ ಕಟ್ಟಡಗಳನ್ನ ಕೊಲ್ಲೋದು ವಯಸ್ಸಲ್ಲ, ನೀರು. ಚಾವಣಿಯ ನೀರು ಇಳಿಯೋ ಕೊಳವೆ ಕಟ್ಟಿಕೊಂಡರೆ, ಅದನ್ನ ವರ್ಷಕ್ಕೊಂದು ಸಲ ಯಾರೂ ತೆಗೆಸದಿದ್ದರೆ, ಗೋಡೆಯಲ್ಲಿ ಹುಟ್ಟಿದ ಗಿಡವನ್ನ ಚಿಕ್ಕದಿದ್ದಾಗಲೇ ಯಾರೂ ಕೀಳದಿದ್ದರೆ, ಸುಣ್ಣವಾದರೇನು ಕಾಂಕ್ರೀಟಾದರೇನು. ಕಾಂಕ್ರೀಟಿನಲ್ಲಿ ಒಳಗಿನ ಕಂಬಿ ತುಕ್ಕು ಹಿಡಿದು ಊದಿಕೊಂಡು ಸಿಮೆಂಟನ್ನೇ ಒಡೆದು ಹೊರಗೆ ಬರುತ್ತೆ. ನಲವತ್ತು ವರ್ಷದ ಹಿಂದಿನ ಯಾವುದಾದರೂ ಸರ್ಕಾರಿ ಕ್ವಾರ್ಟರ್ಸಿನ ಬಾಲ್ಕನಿ ತಲೆ ಎತ್ತಿ ನೋಡಿ. ಕೆಡವೋಕೂ ಕಟ್ಟೋಕೂ ಬಜೆಟ್ ಇರುತ್ತೆ, ಕೊಳವೆ ತೆಗೆಸೋಕೆ ಇರಲ್ಲ, ಯಾಕಂದರೆ ಕೊಳವೆ ತೆಗೆಸಿದ್ದಕ್ಕೆ ಯಾರೂ ಶಂಕುಸ್ಥಾಪನೆ ಕಲ್ಲು ಇಡಲ್ಲ.

ಕಳೆದ ಸೆಮಿಸ್ಟರಿನಲ್ಲಿ ಮಿನಿ ಪ್ರಾಜೆಕ್ಟಿಗೆ ಅಂತ ನಾವು ನಾಲ್ಕು ಜನ ಮಾವನ ಅಂಗಡಿಯ ಸಾಲನ್ನ ಅಳತೆ ಮಾಡಿದೆವು. ಟೇಪು, ಲೇಸರ್ ಮೀಟರು, ಒಂದು ನೋಟ್‌ಬುಕ್. ಮೊದಲ ದಿನ ಎಲ್ಲರೂ ನಮ್ಮನ್ನ ಪಾಲಿಕೆ ಕಡೆಯವರು ಅಂದುಕೊಂಡು ಮುಖ ಗಂಟು ಹಾಕಿಕೊಂಡಿದ್ದರು. ಒಬ್ಬ ಹೂವಿನವರಂತೂ ಟೇಪಿನ ತುದಿಯನ್ನ ಕಾಲಲ್ಲಿ ತುಳಿದುಕೊಂಡು ಬಿಡಲೇ ಇಲ್ಲ. ಮಾವ ಬಂದು ಇವನು ನಮ್ಮ ಹುಡುಗ ಅಂತ ಹೇಳಿದ ಮೇಲೆ ಟೀ ಬಂತು. ಹದಿನೈದು ದಿನ ಬಿಟ್ಟು ಡ್ರಾಯಿಂಗ್ ಪ್ರಿಂಟ್ ತಗೊಂಡು ಹೋದಾಗ ಸುತ್ತ ಹತ್ತು ಹನ್ನೆರಡು ಜನ ಸೇರಿದರು. ಪ್ರತಿಯೊಬ್ಬರೂ ಮೊದಲು ತಮ್ಮ ಅಂಗಡಿಯನ್ನ ಹುಡುಕಿ ಅದರ ಮೇಲೆ ಬೆರಳಿಟ್ಟರು. ಆಮೇಲೆ ಜಗಳ ಶುರು: ನಿನ್ನ ಕಟ್ಟೆ ನನ್ನ ಕಡೆಗೆ ಅರ್ಧ ಅಡಿ ಬಂದಿದೆ ಅಂತ ಇವರು, ನಮ್ಮಪ್ಪನ ಕಾಲದಿಂದ ಇರೋದೇ ಹಾಗೆ ಅಂತ ಅವರು. ಟೇಪು ತುಳಿದಿದ್ದ ಹೂವಿನವರು ಮಾತ್ರ ಜಗಳಕ್ಕೆ ಹೋಗಲಿಲ್ಲ. ಅವರ ಮಳಿಗೆಯ ಮೇಲೆ ನಂಬರ್ ಬರೆದಿದ್ದೆವು, ಅದರ ಪಕ್ಕದಲ್ಲಿ ಅವರ ಹೆಸರೂ ಬರೆದು, ಕೆಳಗೆ ತಾರೀಕು ಹಾಕಿ, ನಾವು ನಾಲ್ಕೂ ಜನ ಸಹಿ ಮಾಡಿಕೊಡಿ ಅಂದರು. ಇನ್ನೂ ಡಿಗ್ರಿ ಆಗದವರ ಸಹಿಗೆ ಎಲ್ಲೂ ಬೆಲೆ ಇಲ್ಲ ಅಂತ ಹೇಳಿದೆವು. ಪರವಾಗಿಲ್ಲ ಅಂದರು. ಸಹಿ ಮಾಡಿದ ಹಾಳೆಯನ್ನ ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಗಲ್ಲಾಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡರು.